ಹಳೆ ಪಿಕಪ್ ‘ಟಕ್ ಟಕ್’ ಅಂದರೆ ಸೀಮೆಎಣ್ಣೆ ಹಾಕಬೇಕೇ? ಏರು ಹತ್ತದ ಗಾಡಿಯ ರೋಗ ಪತ್ತೆ ಹೀಗೆ

“ಡೀಸೆಲ್ ಗಾಡಿ ನಾಕಿಂಗ್ ಹೊಡೀತಿದ್ರೆ ಟ್ಯಾಂಕಿಗೆ ಒಂದು ಲೀಟರ್ ಸೀಮೆಎಣ್ಣೆ ಹಾಕಿ, ಶಬ್ದ ಮಾಯ, ಪಿಕಪ್ ಡಬಲ್.” “ದಪ್ಪ ಆಯಿಲ್ ಹಾಕಿ, ಎಂಜಿನ್ ಬಿಚ್ಚೋದೇ ಬೇಡ.” “ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ, ಡೀಸೆಲ್ ಉಳಿಸಿ.” ಇಂಥ ಸಲಹೆಗಳು ಗ್ಯಾರೇಜಿನ ಮಾತಿನಿಂದ ಹಿಡಿದು ವಾಟ್ಸಾಪ್ ಗುಂಪುಗಳವರೆಗೆ ಎಲ್ಲೆಡೆ ಓಡಾಡುತ್ತವೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದಲ್ಲಿ ಈ ಮಾತುಗಳಿಗೆ ಬೆಲೆ ಹೆಚ್ಚು. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವ ಫೆಬ್ರವರಿ–ಮಾರ್ಚ್‌ವರೆಗೆ ಪಿಕಪ್‌ಗೆ ಬಿಡುವಿಲ್ಲ. ತೋಟದಿಂದ ಕಣಕ್ಕೆ ಹಣ್ಣು, ಕಣದಿಂದ ಕ್ಯೂರಿಂಗ್‌ಗೆ ಮೂಟೆ, ನಡುವೆ ಗೊಬ್ಬರ, ಸೌದೆ. ಸಣ್ಣ ಬೆಳೆಗಾರರ ಮನೆಯಲ್ಲಿ ಇರುವುದು ಹತ್ತು ಹದಿನೈದು ವರ್ಷ ಹಳೆಯ ಒಂದೇ ಗಾಡಿ. ಅದು ಕೊಯ್ಲಿನ ನಡುವೆ ಮಲಗಿದರೆ ಹಣ್ಣು ಕಣ ಸೇರುವುದಿಲ್ಲ. ಘಾಟಿಯ ತಿರುವಿನಲ್ಲಿ ಕೈಕೊಟ್ಟರಂತೂ ಜೀವಕ್ಕೇ ಅಪಾಯ.

ಹಾಗಾಗಿ ಈ ಲೇಖನದಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕೋಣ. ಹಳೆ ಡೀಸೆಲ್ ಪಿಕಪ್ ಶಬ್ದ ಮಾಡುತ್ತಾ ಏರಿನಲ್ಲಿ ಎಳೆಯದಿದ್ದರೆ ಕಾರಣ ಕಂಡುಹಿಡಿಯುವುದು ಹೇಗೆ? ಹರಿದಾಡುವ ಸಲಹೆಗಳಲ್ಲಿ ಎಷ್ಟು ನಿಜ?

ನಾಕಿಂಗ್ ಎಂದರೇನು?

ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ 16ರಿಂದ 22 ಪಟ್ಟು ಒತ್ತುತ್ತದೆ. ಆ ಒತ್ತಡಕ್ಕೆ ಗಾಳಿ ಕಾದು 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರೊಳಗೆ ನಾಜಲ್ ಡೀಸೆಲ್ ಚಿಮ್ಮಿಸಿದಾಗ ತಾನಾಗಿ ಹೊತ್ತಿಕೊಳ್ಳುತ್ತದೆ.

ಆದರೆ ಚಿಮ್ಮಿದ ಕೂಡಲೇ ಹೊತ್ತಿಕೊಳ್ಳುವುದಿಲ್ಲ. ನಡುವೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ತಡ ಇರುತ್ತದೆ. ಈ ತಡ ಜಾಸ್ತಿಯಾದಷ್ಟೂ ಒಳಗೆ ಡೀಸೆಲ್ ಸೇರಿಕೊಳ್ಳುತ್ತದೆ, ಆಮೇಲೆ ಎಲ್ಲವೂ ಒಟ್ಟಿಗೆ ಧಗ್ಗನೆ ಹತ್ತುತ್ತದೆ. ಪಿಸ್ಟನ್‌ಗೆ ಸುತ್ತಿಗೆಯಲ್ಲಿ ಬಡಿದಂತೆ ಪೆಟ್ಟು ಬೀಳುತ್ತದೆ. ಇದೇ ಡೀಸೆಲ್ ನಾಕಿಂಗ್.

ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಟಕ್ ಟಕ್ ಬಂದು, ಎಂಜಿನ್ ಬಿಸಿಯಾದ ಮೇಲೆ ಕಡಿಮೆಯಾದರೆ ಅದು ಹಳೆ ಡೀಸೆಲ್ ಗಾಡಿಯ ಸಹಜ ಗುಣ. ಬಿಸಿಯಾದ ಮೇಲೂ ಶಬ್ದ ಹೋಗದಿದ್ದರೆ, ಹೊಸದಾಗಿ ಶುರುವಾಗಿದ್ದರೆ, ಜೊತೆಗೆ ಎಳೆತವೂ ತಗ್ಗಿದ್ದರೆ ಮಾತ್ರ ಹುಡುಕಬೇಕು.

ಮೊದಲ ಪರೀಕ್ಷೆ: ಕಿವಿ

ಎಂಜಿನ್‌ನಿಂದ ಬರುವ ಎಲ್ಲ ಶಬ್ದವೂ ನಾಕಿಂಗ್ ಅಲ್ಲ. ಎಲ್ಲಿಂದ, ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

• ಎಂಜಿನ್ ಮೇಲ್ಭಾಗದಲ್ಲಿ ಸಣ್ಣ ‘ಚಟ ಚಟ’, ಸುಮ್ಮನೆ ನಿಂತಾಗಲೂ ಕೇಳುತ್ತದೆ: ಹೆಚ್ಚಾಗಿ ಟ್ಯಾಪೆಟ್ ಸಂದಿ ಜಾಸ್ತಿಯಾಗಿರುತ್ತದೆ. ಹೊಂದಾಣಿಕೆ ಮಾಡಿಸಿದರೆ ಸರಿಹೋಗುತ್ತದೆ.

• ಲೋಡ್ ಬಿದ್ದಾಗ, ಆಕ್ಸಿಲರೇಟರ್ ಒತ್ತಿದಾಗ ಚೂಪಾದ ‘ಟಕ್ ಟಕ್’: ನಾಜಲ್, ಪಂಪ್ ಟೈಮಿಂಗ್ ಅಥವಾ ಇಂಧನದ ತೊಂದರೆ. ನಿಜವಾದ ನಾಕಿಂಗ್ ಇದು.

• ಕೆಳಗಿನಿಂದ, ಆಯಿಲ್ ಚೇಂಬರ್ ಕಡೆಯಿಂದ ಗಟ್ಟಿ ‘ಧಡ್ ಧಡ್’: ಬೇರಿಂಗ್ ಸವೆದಿರುವ ಸೂಚನೆ. ಜೊತೆಗೆ ಆಯಿಲ್ ಪ್ರೆಶರ್ ದೀಪವೂ ಹತ್ತಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. “ಮನೆವರೆಗೆ ಹೇಗೋ ಹೋಗೋಣ” ಎಂದರೆ ಕ್ರ್ಯಾಂಕ್ ಶಾಫ್ಟೇ ಹಾಳಾಗಬಹುದು.

ಎರಡನೇ ಪರೀಕ್ಷೆ: ಹೊಗೆಯ ಬಣ್ಣ

ಕಪ್ಪು ಹೊಗೆ ಎಂದರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಟರ್ಬೊ ಹೋಸ್ ಸೀಳಿರಬಹುದು, ನಾಜಲ್ ಸೋರುತ್ತಿರಬಹುದು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ರೇಡಿಯೇಟರ್ ನೀರು ಸಿಲಿಂಡರಿಗೆ ಇಳಿಯುತ್ತಿದೆ. ನೀರು ಕಡಿಮೆಯಾಗುತ್ತಲೂ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ.

ಹೊಗೆ ತಪಾಸಣೆ ಕೇಂದ್ರದ ಚೀಟಿಯನ್ನೂ ಎಸೆಯಬೇಡಿ. ಕಳೆದ ಸಲಕ್ಕಿಂತ ಹೊಗೆಯ ಸಾಂದ್ರತೆಯ ಅಂಕಿ ಏರಿದ್ದರೆ ಅದೂ ಒಂದು ಸುಳಿವು.

ಎಳೆತ ಕಡಿಮೆ: ಅಗ್ಗದಿಂದ ದುಬಾರಿಯ ಕಡೆಗೆ ಹುಡುಕಿ

ಮೊದಲು ಒಂದು ಲೆಕ್ಕ. ಲೋಡ್ ಸೇರಿ 3 ಟನ್ ತೂಗುವ ಗಾಡಿ ಶೇ. 10ರ ಏರು ಹತ್ತುವಾಗ, ಸಮತಟ್ಟು ರಸ್ತೆಗಿಂತ ಸುಮಾರು 300 ಕೆ.ಜಿ. ಭಾರವನ್ನು ನೇರ ಎತ್ತುವಷ್ಟು ಹೆಚ್ಚಿನ ಬಲ ಬೇಕು. ಆದ್ದರಿಂದ ಹತ್ತು ಮೂಟೆ ಹೆಚ್ಚಿಗೆ ಹೇರಿ “ಗಾಡಿ ಎಳೀತಿಲ್ಲ” ಎಂದರೆ ಅದು ರೋಗವಲ್ಲ. ಅದೇ ಏರು, ಅಷ್ಟೇ ಲೋಡ್, ಅದೇ ಗೇರ್. ಹೋದ ತಿಂಗಳು ಹತ್ತಿದ್ದು ಈಗ ಹತ್ತುತ್ತಿಲ್ಲವೆಂದರೆ ಮಾತ್ರ ಮುಂದಿನ ಹೆಜ್ಜೆಗಳು.

1. ಏರ್ ಫಿಲ್ಟರ್: ಕೊಯ್ಲಿನ ಕಾಲದಲ್ಲಿ ತೋಟದ ಮಣ್ಣುರಸ್ತೆಯ ಕೆಂಪು ಧೂಳು, ಕಣದ ಹೊಟ್ಟು ಎರಡೂ ಇದರಲ್ಲೇ ಬಂದು ಕೂರುತ್ತವೆ. ಬಿಚ್ಚಿ ನೋಡುವುದಕ್ಕೆ ಖರ್ಚಿಲ್ಲ.

2. ಡೀಸೆಲ್ ಫಿಲ್ಟರ್ ಮತ್ತು ನೀರು: ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್‌ನ ಒಳಗೋಡೆಗೆ ತೇವ ಕಟ್ಟಿ ನೀರು ಇಳಿಯುತ್ತದೆ. ತೋಟದ ಬ್ಯಾರೆಲ್‌ನಲ್ಲಿಟ್ಟ ಡೀಸೆಲ್ ಹಾಕುವವರಲ್ಲಿ ಈ ತೊಂದರೆ ಹೆಚ್ಚು. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತದೆ. ಬಹಳಷ್ಟು ಫಿಲ್ಟರ್‌ಗಳ ಕೆಳಗೆ ನೀರು ಬಿಡುವ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಗಾಜಿನ ಲೋಟಕ್ಕೆ ಹಿಡಿದರೆ ನೀರು ಬೇರೆಯಾಗಿ ಕಾಣುತ್ತದೆ.

3. ಲೈನ್‌ನಲ್ಲಿ ಗಾಳಿ: ಹಳೆ ರಬ್ಬರ್ ಪೈಪ್ ಬಿರುಕು ಬಿಟ್ಟರೆ ಡೀಸೆಲ್ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಗಾಡಿ ಎಳೆದು ಬಿಟ್ಟು, ಎಳೆದು ಬಿಟ್ಟು ಓಡುತ್ತದೆ.

4. ಟರ್ಬೊ ಹೋಸ್: ಏರಿನಲ್ಲಿ ‘ಸುಂಯ್’ ಎಂಬ ಗಾಳಿಯ ಶಬ್ದ, ಕಪ್ಪು ಹೊಗೆ, ಎಳೆತವಿಲ್ಲ. ಈ ಮೂರೂ ಸೇರಿದರೆ ಕ್ಲಿಪ್ ಸಡಿಲವೋ ಹೋಸ್ ಸೀಳಿದೆಯೋ ನೋಡಿ.

5. ಕ್ಲಚ್ ಮತ್ತು ಬ್ರೇಕ್: ಎಂಜಿನ್ ಜೋರಾಗಿ ಕೂಗಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸ್ವಲ್ಪ ದೂರ ಓಡಿಸಿದ ಮೇಲೆ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಎರಡರಲ್ಲೂ ಎಂಜಿನ್ನಿನ ತಪ್ಪಿಲ್ಲ.

6. ನಾಜಲ್, ಪಂಪ್, ಟೈಮಿಂಗ್: ಇಷ್ಟೂ ಸರಿಯಿದ್ದು ಶಬ್ದ ಮತ್ತು ಎಳೆತದ ಕೊರತೆ ಎರಡೂ ಒಟ್ಟಿಗೆ ಇದ್ದರೆ ಬೊಟ್ಟು ಇಲ್ಲಿಗೆ ಬರುತ್ತದೆ. ನಾಜಲ್ ಹನಿ ಹನಿಯಾಗಿ ಸೋರಿದರೆ ಡೀಸೆಲ್ ಮಂಜಿನಂತೆ ಹರಡುವುದಿಲ್ಲ. ಸರಿಯಾಗಿ ಉರಿಯುವುದೂ ಇಲ್ಲ, ಬಡಿಯುವುದೂ ನಿಲ್ಲುವುದಿಲ್ಲ. ಪಂಪ್ ಬಿಚ್ಚಿ ಜೋಡಿಸಿದ ಮೇಲೆಯೇ ತೊಂದರೆ ಶುರುವಾಗಿದ್ದರೆ ಟೈಮಿಂಗ್ ನೋಡಿಸಿ. ಟೈಮಿಂಗ್ ಮುಂದಾದರೆ ಶಬ್ದ ಜೋರು, ಹಿಂದಾದರೆ ಎಳೆತ ಕಡಿಮೆ. ಇದು ಡೀಸೆಲ್ ಪಂಪ್ ರಿಪೇರಿ ಮಾಡುವವರ ಕೆಲಸ. ಅವರ ಬಳಿ ನಾಜಲ್ ಒತ್ತಡ, ಚಿಮ್ಮುವ ರೀತಿ ಪರೀಕ್ಷಿಸುವ ಯಂತ್ರ ಇರುತ್ತದೆ.

ಒಂದು ಗಂಭೀರ ಎಚ್ಚರಿಕೆ

ಹಳೆ ಮೆಕ್ಯಾನಿಕಲ್ ಪಂಪ್ ಎಂಜಿನ್‌ಗಳಲ್ಲಿ ಮೆಕ್ಯಾನಿಕ್‌ಗಳು ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸಿ, ಯಾವ ಸಿಲಿಂಡರ್ ಬಡಿಯುತ್ತಿದೆ ಎಂದು ಪತ್ತೆ ಮಾಡುತ್ತಾರೆ. ಸಡಿಲಿಸಿದಾಗ ಬಡಿತ ನಿಂತರೆ ತೊಂದರೆ ಆ ಸಿಲಿಂಡರಿನಲ್ಲಿದೆ ಎಂದರ್ಥ. ಇದನ್ನು ವಿಡಿಯೋದಲ್ಲಿ ನೋಡಿ ಕಾಮನ್ ರೈಲ್ ಎಂಜಿನ್ ಮೇಲೆ ಎಂದಿಗೂ ಪ್ರಯೋಗಿಸಬೇಡಿ. ಆ ಪೈಪುಗಳಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗಿನ ಮಾಂಸ ಕೊಳೆತು ಬೆರಳು, ಕೈ ಕಳೆದುಕೊಳ್ಳುವ ಅಪಾಯವಿದೆ. ಹಾಗಾದರೆ ನೋವಿಲ್ಲ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಿಮ್ಮ ಬೊಲೆರೊ ಪಿಕಪ್ ಆಗಲಿ, ಟಾಟಾ ಗಾಡಿಯಾಗಲಿ, ಯಾವ ಬಗೆಯ ಎಂಜಿನ್ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಹೆಸರು ಒಂದೇ ಇದ್ದರೂ ಬೇರೆ ಬೇರೆ ವರ್ಷಗಳಲ್ಲಿ ಎಂಜಿನ್ ಬದಲಾಗಿರುತ್ತದೆ.

ಹರಿದಾಡುವ ಸಲಹೆಗಳು: ನಿಜವೆಷ್ಟು?

ಸೀಮೆಎಣ್ಣೆ ಹಾಕಿದರೆ ನಾಕಿಂಗ್ ಹೋಗುತ್ತದೆ: ಸುಳ್ಳು.
ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಸೀಟೇನ್ ಸಂಖ್ಯೆ ಹೇಳುತ್ತದೆ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಬಿಎಸ್-6 ಡೀಸೆಲ್‌ಗೆ ಇದು ಕನಿಷ್ಠ 51 ಇರಬೇಕು. ಸೀಮೆಎಣ್ಣೆಯಲ್ಲಿ ಇದು ಸಾಮಾನ್ಯವಾಗಿ ಕಡಿಮೆ. ಅಂದರೆ ಹೊತ್ತಿಕೊಳ್ಳುವುದು ಇನ್ನೂ ತಡ, ನಾಕಿಂಗ್ ಹೆಚ್ಚುವ ಸಂಭವವೇ ಜಾಸ್ತಿ. ಲೀಟರಿಗೆ ಸಿಗುವ ಶಕ್ತಿಯೂ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಬಹುತೇಕ ಪಂಪ್ ಮತ್ತು ನಾಜಲ್‌ಗಳಿಗೆ ಡೀಸೆಲ್ಲೇ ಜಾರುಕ. ಸೀಮೆಎಣ್ಣೆಗೆ ಆ ಜಿಡ್ಡು ಸಾಲದು, ಪಂಪ್ ಸವೆಯುತ್ತದೆ. ಈ ನಂಬಿಕೆಗೆ ಒಂದು ಮೂಲ ಇದೆ: ಹಿಮ ಬೀಳುವ ದೇಶಗಳಲ್ಲಿ ಡೀಸೆಲ್ ಮೇಣದಂತೆ ಗಟ್ಟಿಯಾಗದಿರಲೆಂದು ಸೀಮೆಎಣ್ಣೆ ಬೆರೆಸುವ ರೂಢಿ ಇತ್ತು. ನಮ್ಮ ಮಲೆನಾಡಿನಲ್ಲಿ ಅಂಥ ಚಳಿಯೇ ಇಲ್ಲ. ಇನ್ನು ಪಡಿತರದ ನೀಲಿ ಸೀಮೆಎಣ್ಣೆಯನ್ನು ಗಾಡಿಗೆ ಹಾಕುವುದು ಕಾನೂನಿಗೂ ವಿರುದ್ಧ.

ದಪ್ಪ ಆಯಿಲ್ ಹಾಕಿದರೆ ಸಾಕು: ದಾರಿ ತಪ್ಪಿಸುವ ಸಲಹೆ.
ಸವೆದ ಬೇರಿಂಗ್‌ನ ಸಂದಿಯಲ್ಲಿ ದಪ್ಪ ಆಯಿಲ್ ನಿಂತು ಕೆಲ ದಿನ ಶಬ್ದ ತಗ್ಗಬಹುದು. ಸವೆತ ಮಾತ್ರ ನಿಲ್ಲುವುದಿಲ್ಲ. ಚಳಿಯ ಬೆಳಗ್ಗೆ ಆ ಆಯಿಲ್ ಮೇಲಕ್ಕೇರುವುದೂ ತಡವಾಗುತ್ತದೆ. ಕೈಪಿಡಿಯಲ್ಲಿ ಹೇಳಿದ ಗ್ರೇಡ್ ಹಾಕಿ.

ಬೆಟ್ಟದ ಮೇಲೆ ಗಾಳಿ ತೆಳು, ಅದಕ್ಕೇ ಎಳೆಯಲ್ಲ: ಅರ್ಧ ಸತ್ಯ.
ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟಕ್ಕಿಂತ ಸುಮಾರು ಶೇ. 10 ಕಡಿಮೆ. ಟರ್ಬೊ ಇಲ್ಲದ ಎಂಜಿನ್‌ಗೆ ಇದು ತಟ್ಟುತ್ತದೆ. ಆದರೆ ಚಿಕ್ಕಮಗಳೂರು ಮೊನ್ನೆ ಮೊನ್ನೆ ಎತ್ತರಕ್ಕೆ ಹೋಗಿದ್ದಲ್ಲ. ಇಲ್ಲೇ ವರ್ಷಗಟ್ಟಲೆ ಓಡಿದ ಗಾಡಿ ದಿಢೀರ್ ಸುಸ್ತಾದರೆ ಕಾರಣ ಬೇರೆ.

ಎಥೆನಾಲ್ ಬೆರೆಸುವುದರಿಂದ ನಾಕಿಂಗ್: ಡೀಸೆಲ್ ಪಿಕಪ್‌ಗೆ ಸಂಬಂಧವಿಲ್ಲ.
ಶೇ. 20 ಎಥೆನಾಲ್ ಸೇರಿಸುತ್ತಿರುವುದು ಪೆಟ್ರೋಲ್‌ಗೆ. ಹಳೆ ಪೆಟ್ರೋಲ್ ಗಾಡಿಗಳ ಮೈಲೇಜು, ರಬ್ಬರ್ ಭಾಗಗಳ ಬಗೆಗಿನ ಚರ್ಚೆ ಬೇರೆ. ನಾಕಿಂಗ್ ವಿಷಯದಲ್ಲಿ ಎಥೆನಾಲ್ ಅದನ್ನು ತಡೆಯುವ ಗುಣದ್ದು.

ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿ: ಅಪಾಯಕಾರಿ.
ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪಂಪ್ ಡೀಸೆಲ್ ಕೊಡುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಿರಲು ಡೀಸೆಲ್ ಬೇಕೇ ಬೇಕು. ಹಾಗಾಗಿ ಉಳಿತಾಯದ ಮಾತೇ ತಪ್ಪು. ಎಂಜಿನ್‌ನ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕ್ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿಯುವುದೇ ಇಲ್ಲ. ಎಂಜಿನ್ ಆಫ್ ಮಾಡುವುದು ಇನ್ನೂ ಕೆಟ್ಟದ್ದು. ಬ್ರೇಕ್ ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ ಎಂಜಿನ್ ತಿರುಗಿದರೆ ಮಾತ್ರ ಸಿಗುತ್ತದೆ. ಎರಡು ಮೂರು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಯಾವ ಗೇರ್‌ನಲ್ಲಿ ಹತ್ತುತ್ತೀರೋ ಅದೇ ಗೇರ್‌ನಲ್ಲಿ ಇಳಿಯಿರಿ ಎಂಬ ಹಳೆ ಡ್ರೈವರ್‌ಗಳ ಮಾತೇ ಸರಿ.

ಶಬ್ದ ಮಾಡುವ, ಎಳೆಯದ ಗಾಡಿಯ ಹಿಂದೆ ಕೆಲಸಗಾರರನ್ನು ಕೂರಿಸಿ ತೋಟದ ಏರು ಹತ್ತಿಸುವುದಂತೂ ಬೇಡವೇ ಬೇಡ. ಸರಕು ಗಾಡಿಯಲ್ಲಿ ಜನರನ್ನು ಸಾಗಿಸುವುದು ಕಾನೂನುಬಾಹಿರ. ಅರ್ಧ ಏರಿನಲ್ಲಿ ಎಂಜಿನ್ ನಿಂತು ಗಾಡಿ ಹಿಂದಕ್ಕೆ ಜಾರಿದರೆ ಮೊದಲು ಪೆಟ್ಟು ಬೀಳುವುದು ಹಿಂದೆ ನಿಂತವರಿಗೆ.

ಗ್ಯಾರೇಜಿಗೆ ಹೋಗುವ ಮುನ್ನ

“ಸೌಂಡ್ ಬರ್ತಿದೆ, ನೋಡಿ” ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಊಹೆಯಿಂದ ಶುರುಮಾಡಬೇಕಾಗುತ್ತದೆ, ಬಿಲ್ಲು ಬೆಳೆಯುತ್ತದೆ. ಶಬ್ದ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಮೇಲಿಂದಲೋ ಕೆಳಗಿಂದಲೋ, ಹೊಗೆ ಯಾವ ಬಣ್ಣ, ಎಂದಿನಿಂದ ಶುರುವಾಯಿತು, ಅದಕ್ಕೆ ಮೊದಲು ಡೀಸೆಲ್ ಎಲ್ಲಿ ಹಾಕಿಸಿದಿರಿ, ಯಾವ ರಿಪೇರಿ ಆಗಿತ್ತು? ಇವಿಷ್ಟನ್ನು ಬರೆದುಕೊಂಡು ಹೋಗಿ. ಮೊಬೈಲ್ ಕೈಯಲ್ಲೇ ಇದೆಯಲ್ಲ, ಬೆಳಗಿನ ಸ್ಟಾರ್ಟಿಂಗ್ ಶಬ್ದ ರೆಕಾರ್ಡ್ ಮಾಡಿ. ಗಾಡಿ ಗ್ಯಾರೇಜ್ ತಲುಪುವಷ್ಟರಲ್ಲಿ ಬಿಸಿಯಾಗಿ ಶಬ್ದ ಅಡಗಿರುತ್ತದೆ.

ಒಟ್ಟಿನಲ್ಲಿ: ಡೀಸೆಲ್ ಗಾಡಿಯ ಎಲ್ಲ ಶಬ್ದವೂ ರೋಗವಲ್ಲ. ಶಬ್ದದ ಜೊತೆ ಎಳೆತ ತಗ್ಗಿದ್ದರೆ ಫಿಲ್ಟರ್‌ನಿಂದ ಶುರುಮಾಡಿ ನಾಜಲ್‌ವರೆಗೆ ಒಂದೊಂದಾಗಿ ಹುಡುಕಬೇಕು. ಸೀಮೆಎಣ್ಣೆ, ದಪ್ಪ ಆಯಿಲ್ ಯಾವುದೂ ಮದ್ದಲ್ಲ. ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯಿರಿ ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ; ಅದು ಏಕೆ ತಪ್ಪು ಎಂಬುದನ್ನು ಅದೇ ಗುಂಪಿನಲ್ಲಿ ತಿಳಿಸಿ.