ಗೊರಕೆಯ ಚರಿತ್ರೆ

ನಮ್ಮಪ್ಪನ ಗೊರಕೆ ಬೀದಿಗೆಲ್ಲ ಪ್ರಸಿದ್ಧ. "ಮೇಷ್ಟರು ಮಲಗಿದರು, ಇನ್ನು ಕಳ್ಳರ ಭಯವಿಲ್ಲ" ಎಂದು ಎದುರುಮನೆಯವರು ನಗುತ್ತಿದ್ದರು. ಏರುತ್ತಾ ಹೋದ ಗೊರಕೆ ಥಟ್ಟನೆ ನಿಂತುಬಿಡುತ್ತಿತ್ತು. ಅಪ್ಪ ಮತ್ತೆ ದೊಡ್ಡದಾಗಿ ಉಸಿರೆಳೆದುಕೊಳ್ಳುವವರೆಗೆ ಅಮ್ಮ ಕತ್ತಲಲ್ಲಿ ಎದ್ದು ಕೂತಿರುತ್ತಿದ್ದಳು. ತೀರಾ ತಡವಾದರೆ ಭುಜ ಅಲುಗಿಸಿ ಮಗ್ಗುಲು ಬದಲಿಸುತ್ತಿದ್ದಳು. ಹಗಲಲ್ಲಿ ಅಪ್ಪ ಪತ್ರಿಕೆ ಹಿಡಿದಂತೆಯೇ ತೂಕಡಿಸುತ್ತಿದ್ದರು. ನಾವು ಮಕ್ಕಳು 'ಕುಂಭಕರ್ಣ' ಎಂದು ಮುಸಿಮುಸಿ ನಗುತ್ತಿದ್ದೆವು.

1989ರಲ್ಲಿ, ಅಮ್ಮ ತವರಿಗೆ ಹೋಗಿದ್ದ ಒಂದು ರಾತ್ರಿ, ಮಲಗಿದ ಅಪ್ಪ ಮತ್ತೆ ಏಳಲಿಲ್ಲ. ಅವರಿಗಾಗ 56 ವರ್ಷ. "ಪುಣ್ಯವಂತರು, ನಿದ್ದೆಯಲ್ಲೇ ಹೋದರು" ಎಂದರು ಬಂದವರೆಲ್ಲ. ನಾನೂ ಹಾಗೆಯೇ ನಂಬಿದ್ದೆ.

ಆ ನಂಬಿಕೆಯನ್ನು ಅಲುಗಿಸಿದವಳು ನನ್ನ ತಂಗಿಯ ಮಗಳು. ಇಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕಕ್ಕೆ ಹೋದವಳು, ಅಲ್ಲಿ ಮೂರು ವರ್ಷ ತರಬೇತಿ ಪಡೆದು ಫ್ಯಾಮಿಲಿ ಡಾಕ್ಟರಾದಳು. ಇನ್ನು ಮದುವೆಯ ಮಾತೆತ್ತಬಹುದು ಎಂದುಕೊಂಡಿರುವಾಗಲೇ, "ದೊಡ್ಡಮ್ಮಾ, ಇನ್ನೊಂದು ವರ್ಷ ಸ್ಲೀಪ್ ಮೆಡಿಸಿನ್ ಫೆಲೋಷಿಪ್ ಮಾಡ್ತೀನಿ" ಎಂದಳು.

"ನಿದ್ದೆ ಕಲಿಯೋಕೆ ಒಂದು ವರ್ಷ ಬೇಕೇನೇ? ನಮ್ಮ ಸ್ಕೂಲಿನ ಕೊನೇ ಬೆಂಚಿನ ಹುಡುಗರು ಪುಕ್ಕಟೆ ಕಲಿಸ್ತಾರೆ!"

ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ತಾತನ ಗೊರಕೆ ಮಧ್ಯೆ ಮಧ್ಯೆ ನಿಲ್ತಿತ್ತಾ?"

ಇತಿಹಾಸ ಪಾಠ ಮಾಡುವ ನನಗೆ ಇಸವಿಗಳಿಲ್ಲದೆ ಏನೂ ಮನಸ್ಸಿಗೆ ಹತ್ತುವುದಿಲ್ಲ. ಅವಳನ್ನು ಕೇಳಿ ಕೇಳಿ ತಿಳಿದುಕೊಂಡೆ. 1836-37ರಲ್ಲಿ ಡಿಕನ್ಸ್ ಬರೆದ 'ಪಿಕ್‌ವಿಕ್ ಪೇಪರ್ಸ್'ನಲ್ಲಿ ಜೋ ಎಂಬ ದಢೂತಿ ಹುಡುಗನಿದ್ದಾನೆ. ನಿಂತಲ್ಲೇ ನಿದ್ದೆ, ಗೊರಕೆ. ಓದುಗರು ನಮ್ಮಂತೆಯೇ ನಕ್ಕರು. 1956ರಲ್ಲಿ ಅಮೆರಿಕದ ವೈದ್ಯರು ಅಂಥದೇ ರೋಗಿಯೊಬ್ಬನನ್ನು ಕಂಡು ಆ ಕಾಯಿಲೆಗೆ ಪಿಕ್‌ವಿಕ್ ಹೆಸರನ್ನೇ ಇಟ್ಟರು.

ಅದಕ್ಕೆ ಸ್ವಲ್ಪ ಮುಂಚೆ, 1953ರಲ್ಲಿ, ಷಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್, ನಿದ್ದೆಯ ಕೆಲವು ಹೊತ್ತುಗಳಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುತ್ತವೆ ಎಂದು ಪ್ರಕಟಿಸಿದ್ದರು. ಅಸೆರಿನ್‌ಸ್ಕಿ ಪರೀಕ್ಷೆಗೆ ಮಲಗಿಸಿಕೊಂಡವರಲ್ಲಿ ಅವರ ಎಂಟು ವರ್ಷದ ಮಗನೂ ಒಬ್ಬ. ನಿದ್ದೆಯೆಂದರೆ ದೀಪ ಆರಿಸಿದ ಮನೆಯಲ್ಲ, ಒಳಗೆ ಬೇಕಾದಷ್ಟು ಕೆಲಸ ನಡೆದಿರುತ್ತದೆ ಎಂದು ಗೊತ್ತಾಯಿತು. 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ವೈದ್ಯರು ಇಂಥ ರೋಗಿಗಳಿಗೆ ರಾತ್ರಿಯಿಡೀ ತಂತಿಗಳನ್ನು ಅಂಟಿಸಿ ನೋಡಿದಾಗ ಗುಟ್ಟು ಹೊರಬಿತ್ತು: ನಿದ್ದೆಯಲ್ಲಿ ಅವರ ಉಸಿರು ಪದೇ ಪದೇ ನಿಲ್ಲುತ್ತಿತ್ತು. ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮೆದುಳು ಬೆಚ್ಚಿ ಅರೆಗಳಿಗೆ ಎಬ್ಬಿಸುತ್ತದೆ. ಮಲಗಿದವರಿಗೆ ಬೆಳಿಗ್ಗೆ ಅದರ ನೆನಪಿರುವುದಿಲ್ಲ.

1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ವಿಲಿಯಂ ಡಿಮೆಂಟ್ ನಿದ್ದೆಯ ಕಾಯಿಲೆಗಳಿಗೆಂದೇ ಚಿಕಿತ್ಸಾಲಯ ತೆರೆದರು. 1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್, ಮೂಗಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಹಾಯಿಸಿ ಐವರು ರೋಗಿಗಳ ಗಂಟಲಿನ ದಾರಿ ಮುಚ್ಚದಂತೆ ಮಾಡಿದ್ದನ್ನು ಪ್ರಕಟಿಸಿದರು. 1981! ಅಪ್ಪ ಹೋಗುವುದಕ್ಕೆ ಎಂಟು ವರ್ಷ ಮುಂಚೆ. ಆ ಸುದ್ದಿ ನಮ್ಮೂರಿಗೆ ತಲುಪಲೇ ಇಲ್ಲ.

ಇನ್ನು ಇವಳ ಓದಿನ ವಿಷಯ. ಅಮೆರಿಕದಲ್ಲಿ ಫ್ಯಾಮಿಲಿ ಡಾಕ್ಟರುಗಳು, ಮಕ್ಕಳ ವೈದ್ಯರು, ನರರೋಗ ತಜ್ಞರು, ಮನೋವೈದ್ಯರು ಮೊದಲಾದವರಿಗೆಲ್ಲ ನಿದ್ರಾವೈದ್ಯಕ್ಕೆ ಒಂದೇ ಪರೀಕ್ಷೆ ಶುರುವಾದದ್ದು 2007ರಲ್ಲಿ. 2011ರವರೆಗೆ ಅನುಭವವಿದ್ದವರೂ ಕೂರಬಹುದಿತ್ತು. ಆಮೇಲೆ ಒಂದು ವರ್ಷದ ಫೆಲೋಷಿಪ್ ಕಡ್ಡಾಯವಾಯಿತು. ಮಲಗಿದವರ ತಲೆ, ಕಣ್ಣಂಚು, ಗಲ್ಲ, ಎದೆ, ಕಾಲುಗಳಿಂದ ಬರುವ ಗೆರೆಗಳನ್ನು ಮೂವತ್ತು ಸೆಕೆಂಡಿಗೊಂದು ಪುಟದಂತೆ ಓದಬೇಕು. ಎಂಟು ಗಂಟೆ ನಿದ್ದೆಗೆ 960 ಪುಟ! ಪರೀಕ್ಷೆಯ ಉತ್ತರಪತ್ರಿಕೆಗಳೇ ವಾಸಿ ಎನ್ನಿಸಿತು ನನಗೆ. ಉಸಿರು ಹತ್ತು ಸೆಕೆಂಡಾದರೂ ನಿಂತರೆ ಲೆಕ್ಕಕ್ಕೆ ಬರುತ್ತದೆ. ಗಂಟೆಗೆ ಮೂವತ್ತು ಸಲ ದಾಟಿದರೆ ಕಾಯಿಲೆ ತೀವ್ರವೆಂದು ಅರ್ಥ.

"ಇದಕ್ಕೆಲ್ಲ ದೊಡ್ಡ ದೊಡ್ಡ ತಜ್ಞರಿರುವಾಗ ನೀನ್ಯಾಕೆ?" ಎಂದೆ.

"ಗೊರಕೆ ಮೊದಲು ಕೇಳೋದು ಹೆಂಡತಿಗೆ, ದೊಡ್ಡಮ್ಮಾ. ಅವಳು ಅದಕ್ಕೆಂದೇ ತಜ್ಞರ ಹತ್ತಿರ ಹೋಗಲ್ಲ. ಬಿ.ಪಿ. ತೋರಿಸೋಕೆ ಬಂದಾಗ ಮಾತಿಗೆ ಮಾತು ಬಂದು ಮನೆ ಡಾಕ್ಟರಿಗೆ ಹೇಳ್ತಾಳೆ. ಆ ಡಾಕ್ಟರಿಗೆ ಅದು ಅರ್ಥವಾಗಬೇಕು."

ಅಮ್ಮ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುವವರು ಯಾರಿದ್ದರು? ಅಪ್ಪ ಹೋದದ್ದು ಇದರಿಂದಲೇ ಎಂದು ಈಗ ಯಾರೂ ಹೇಳಲಾರರು. ಗೊರಕೆ ಹೊಡೆಯುವವರಿಗೆಲ್ಲ ಈ ಕಾಯಿಲೆ ಇರುವುದೂ ಇಲ್ಲ. ಆದರೆ ನಮ್ಮ ಯಜಮಾನರ ಗೊರಕೆಯೂ ಮಧ್ಯೆ ನಿಲ್ಲುತ್ತಿತ್ತು. ಅವರನ್ನು ಒಪ್ಪಿಸಿ ಪರೀಕ್ಷೆ ಮಾಡಿಸುವಷ್ಟರಲ್ಲಿ ಆರು ತಿಂಗಳಾಯಿತು. ಗಂಟೆಗೆ 34 ಸಲ! ಈಗ ಮಂಚದ ಪಕ್ಕದಲ್ಲಿ ಗಾಳಿಯ ಪುಟ್ಟ ಯಂತ್ರವಿದೆ. ನೀವೂ ಪಕ್ಕದಲ್ಲಿ ಮಲಗಿದವರ ಉಸಿರನ್ನು ಒಮ್ಮೆ ಕಿವಿಗೊಟ್ಟು ಕೇಳಿ.

ಅಮ್ಮನಿಗೆ ಈಗ 86. ಇದನ್ನೆಲ್ಲ ಅವಳಿಗೆ ನಾನು ಹೇಳಿರಲಿಲ್ಲ. ಆ ರಾತ್ರಿ ತವರಿಗೆ ಹೋದದ್ದನ್ನು ಅವಳು ಇವತ್ತಿಗೂ ಮರೆತಿಲ್ಲ. ಮೊನ್ನೆ ನಮ್ಮ ಮನೆಗೆ ಬಂದವಳು ಯಂತ್ರ ನೋಡಿ, "ಇದೇನೇ?" ಎಂದಳು.

"ಗೊರಕೆಗಮ್ಮ."

ಸ್ವಲ್ಪ ಹೊತ್ತು ಅದರ ಕೊಳವೆಯನ್ನು ಬೆರಳಿಂದ ಸವರುತ್ತಾ ನಿಂತಿದ್ದಳು.

"ಉಸಿರು ನಿಲ್ಲತ್ತಲ್ಲ, ಅದಕ್ಕೂ ಆಗತ್ತಾ?"

"ಆಗತ್ತಮ್ಮ" ಎಂದೆ.

ತಲೆಯಾಡಿಸಿ, ಸೆರಗಿನಿಂದ ಯಂತ್ರದ ಮೇಲಿನ ಧೂಳನ್ನು ಒರೆಸಿದಳು.