ಪರೇಲಿನ ಮೂಳೆ, ಟ್ರಾಂಬೆಯ ಕಿರಣ

1988ರಲ್ಲಿ, ಆಗಿನ ಬೊಂಬಾಯಿಯ ಪರೇಲಿನಲ್ಲಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಒಂದು ಬ್ಯಾಂಕು ಶುರುವಾಯಿತು. ಅಲ್ಲಿ ಠೇವಣಿಯಾಗುತ್ತಿದ್ದದ್ದು ಮನುಷ್ಯರ ಮೂಳೆ ಮತ್ತು ಗಾಯಕ್ಕೆ ಹೊದಿಸಲು ಬಳಸುವ ಗರ್ಭಚೀಲದ ತೆಳುಪೊರೆ. ಒಬ್ಬರ ಶಸ್ತ್ರಕ್ರಿಯೆಯಲ್ಲಿ ಬೇಡವಾಗಿ ಕಸಕ್ಕೆ ಹೋಗುವಂಥದ್ದು ಇನ್ನೊಬ್ಬರ ಗುಳಿ ತುಂಬುತ್ತಿತ್ತು. ಸೊಂಟದ ಕೀಲು ಬದಲಿಸುವಾಗ ಕತ್ತರಿಸಿ ತೆಗೆಯುವ ತೊಡೆಮೂಳೆಯ ದುಂಡು ತಲೆ ಇಂಥ ಬ್ಯಾಂಕುಗಳ ಮುಖ್ಯ ಬಂಡವಾಳ.

ಕ್ಯಾನ್ಸರ್ ಆಸ್ಪತ್ರೆಗೆ ಮೂಳೆಯ ಬ್ಯಾಂಕು ಯಾಕೆ? ಮೂಳೆಯೊಳಗಿನ ಗಡ್ಡೆಯನ್ನು ಕೆರೆದು ತೆಗೆದರೆ ಅಲ್ಲೊಂದು ಟೊಳ್ಳು ಉಳಿಯುತ್ತದೆ. ಅದನ್ನು ತುಂಬಲು ರೋಗಿಯ ಸೊಂಟದ ಮೂಳೆಯನ್ನೇ ಚೂರು ಮಾಡಿ ತರುವುದು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅದರಲ್ಲಿ ಜೀವಕೋಶಗಳಿರುತ್ತವೆ. ಆದರೆ ಹತ್ತು ವರ್ಷದ ಹುಡುಗನ ಸೊಂಟದಲ್ಲಿ ಎಷ್ಟು ಸಿಕ್ಕೀತು? ಸಿಕ್ಕರೂ ಅದಕ್ಕೆ ಇನ್ನೊಂದು ಗಾಯ, ಇನ್ನಷ್ಟು ನೋವು.

ಬೇರೆಯವರ ಮೂಳೆಯಾದರೆ ಸೋಂಕಿನ ಭಯ. ಕುದಿಸಿದರೆ ಮೂಳೆಯ ಪ್ರೋಟೀನು ಕೆಡುತ್ತದೆ. ಇಲ್ಲಿ ಮುಂಬೈಗೆ ಒಂದು ಅನುಕೂಲ ಮೊದಲೇ ಇತ್ತು. ನಗರದ ಪೂರ್ವ ತೀರದ ಟ್ರಾಂಬೆಯಲ್ಲಿ, ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಐಸೊಮೆಡ್ ಘಟಕ 1974ರಿಂದಲೇ ಕೋಬಾಲ್ಟ್-60ರ ಗಾಮಾ ಕಿರಣದಿಂದ ವೈದ್ಯಕೀಯ ಸಾಮಗ್ರಿಗಳನ್ನು ಶುದ್ಧೀಕರಿಸುತ್ತಿತ್ತು. ಟಾಟಾ ಆಸ್ಪತ್ರೆಯೂ 1962ರಿಂದ ಅದೇ ಪರಮಾಣು ಶಕ್ತಿ ಇಲಾಖೆಯ ಅಡಿಯಲ್ಲಿತ್ತು. ಕಿರಣದಿಂದ ಅಂಗಾಂಶ ಶುದ್ಧೀಕರಿಸುವ ಕೆಲಸಕ್ಕೆ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಬೆಂಬಲವೂ ದೊರೆಯಿತು. ಮಜ್ಜೆ, ಕೊಬ್ಬು ತೊಳೆದು, ಹೆಪ್ಪುಗಟ್ಟಿಸಿ ನೀರಿನಂಶ ತೆಗೆದು, ಪೊಟ್ಟಣ ಕಟ್ಟಿ, 25 ಕಿಲೋಗ್ರೇ ಕಿರಣ ಹಾಯಿಸಿದರೆ ಮೂಳೆ ಮಾಮೂಲಿ ಕಪಾಟಿನಲ್ಲಿಯೇ ಇರಬಲ್ಲದು. ಮೈನಸ್ 80 ಡಿಗ್ರಿಯ ಫ್ರೀಜರ್ ಬೇಡ. ಕರೆಂಟು ನೆಚ್ಚಿಕೊಳ್ಳಲಾಗದ ಊರಿನ ಆಸ್ಪತ್ರೆಗೆ ಇದು ಸಣ್ಣ ಮಾತಲ್ಲ.

ಬೆಲೆಯೂ ತೆರಬೇಕಿತ್ತು. ಒಣಗಿಸುವುದರಿಂದಲೂ ಕಿರಣದಿಂದಲೂ ಮೂಳೆ ಪೆಡಸಾಗುತ್ತದೆ. ಗುಳಿ ತುಂಬಲು ಸೈ, ಮೈಭಾರ ಹೊರಲು ಅಷ್ಟಾಗಿ ಒಗ್ಗದು. ಜೀವಕೋಶಗಳಂತೂ ಉಳಿಯುವುದಿಲ್ಲ. ರೋಗಿಯ ಸ್ವಂತ ಮೂಳೆ ಹತ್ತಿ ಬೆಳೆಯಲು ಅದೊಂದು ಚಪ್ಪರ, ಅಷ್ಟೆ. ಚಪ್ಪರವೇ ಸಾಕೆನ್ನುವುದಾದರೆ ಅದು ಮನುಷ್ಯನದ್ದೇ ಆಗಿರಬೇಕೆ? ಕೃತಕ ಮೂಳೆಯ ಕಥೆ ಇರುವುದು ಈ ಪ್ರಶ್ನೆಯಲ್ಲಿ.

ಪ್ರಶ್ನೆ ಹಳೆಯದು. 1892ರಲ್ಲಿ ಜರ್ಮನಿಯ ಡ್ರೀಸ್‌ಮನ್ ಮೂಳೆಯ ಟೊಳ್ಳುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ್ದ. ಅದು ಕೆಲವೇ ವಾರಗಳಲ್ಲಿ ಕರಗಿಹೋಗುತ್ತದೆ, ಎಷ್ಟೋ ಸಲ ಮೂಳೆ ಬೆಳೆಯುವ ಮೊದಲೇ. 1920ರಲ್ಲಿ ಅಮೆರಿಕದ ಆಲ್ಬಿ ಕ್ಯಾಲ್ಸಿಯಂ ಫಾಸ್ಫೇಟನ್ನು ಪರೀಕ್ಷಿಸಿದ. 1967ರಲ್ಲಿ ಗಾಜಿನ ವಿಜ್ಞಾನಿ ಲ್ಯಾರಿ ಹೆಂಚ್‌ಗೆ, ವಿಯೆಟ್ನಾಮಿನಿಂದ ಮರಳಿದ್ದ ಸೇನಾಧಿಕಾರಿಯೊಬ್ಬ ಬಸ್ಸಿನಲ್ಲಿ ಜೊತೆಯಾದ. ದೇಹ ತಿರಸ್ಕರಿಸದಂಥ ವಸ್ತು ಮಾಡಬಲ್ಲಿರಾ ಎಂದು ಅವನು ಕೇಳಿದನೆಂದು ಹೆಂಚ್ ಮುಂದೆ ಹೇಳಿಕೊಳ್ಳುತ್ತಿದ್ದ. ಎರಡು ವರ್ಷದ ನಂತರ ಅವನ ಗಾಜಿನ ಚೂರುಗಳನ್ನು ಇಲಿಗಳ ತೊಡೆಮೂಳೆಯಲ್ಲಿಟ್ಟು ಆರು ವಾರ ಕಾದರು. ಎಷ್ಟು ಎಳೆದರೂ ಅವು ಮೂಳೆಯಿಂದ ಬಿಟ್ಟುಬರಲಿಲ್ಲ.

ಅಂಟಿಕೊಂಡಿತು, ಸರಿ. ಆದರೆ ಗುಳಿ ವಾಸಿಯಾಯಿತೆ? ಇದನ್ನು ಪರೀಕ್ಷಿಸುವುದು ಕಾಣುವಷ್ಟು ಸುಲಭವಲ್ಲ. ಮೂಳೆ ತಾನಾಗಿಯೇ ಕೂಡಿಕೊಳ್ಳುವ ಅಂಗ. ಸಣ್ಣ ತೂತಿಗೆ ಏನು ತುಂಬಿದರೂ, ಏನೂ ತುಂಬದಿದ್ದರೂ, ಅದು ಮುಚ್ಚಬಹುದು. ಆಮೇಲೆ ಹೊಗಳಿಕೆ ಮಾತ್ರ ತುಂಬಿದ ಪುಡಿಗೆ. ಅದಕ್ಕೇ 1986ರಲ್ಲಿ ಶ್ಮಿಟ್ಜ್ ಮತ್ತು ಹಾಲಿಂಜರ್ ಒಂದು ಅಳತೆಗೋಲು ಕೊಟ್ಟರು: ಆ ಪ್ರಾಣಿಯ ಆಯುಷ್ಯದಲ್ಲಿ ತಾನಾಗಿ ವಾಸಿಯಾಗದಷ್ಟು ದೊಡ್ಡ ಗುಳಿ ಇರಬೇಕು. ಇಲಿಯ ತಲೆಬುರುಡೆಗೆ ಸಾಮಾನ್ಯವಾಗಿ ಎಂಟು ಮಿಲಿಮೀಟರ್. ಪಕ್ಕದಲ್ಲಿ ಖಾಲಿ ಬಿಟ್ಟ ಗುಳಿಯೂ ಸ್ವಂತ ಮೂಳೆ ತುಂಬಿದ ಗುಳಿಯೂ ಹೋಲಿಕೆಗೆ ಇರಬೇಕು.

ಇನ್ನೊಂದು ಮೋಸ ಎಕ್ಸ್‌ರೇಯದ್ದು. ಮೂಳೆಯ ಖನಿಜವೇ ಆದ ಹೈಡ್ರಾಕ್ಸಿಅಪಟೈಟ್ ತುಂಬಿದರೆ ಮೊದಲ ದಿನವೇ ಗುಳಿ ಬೆಳ್ಳಗೆ ಕಾಣುತ್ತದೆ. ಅದು ಹೊಸ ಮೂಳೆಯೋ ಹಾಕಿದ ಪುಡಿಯೋ ಎಂದು ಫಿಲ್ಮು ಹೇಳದು. ತುಣುಕನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ನೋಡಬೇಕು: ರಂಧ್ರಗಳೊಳಕ್ಕೆ ರಕ್ತನಾಳ ನುಗ್ಗಿದೆಯೆ, ಕಣದ ಮೇಲೆ ಮೂಳೆ ನೇರವಾಗಿ ಕೂತಿದೆಯೆ, ಅಥವಾ ನಡುವೆ ನಾರಿನ ಪದರವಿದೆಯೆ? ಸುಟ್ಟು ಗಟ್ಟಿಮಾಡಿದ ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಕರಗದೆ ಉಳಿಯುತ್ತದೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅದಕ್ಕಿಂತ ಬೇಗ ಹೋಗುತ್ತದೆ. ಎರಡನ್ನೂ ಬೆರೆಸುವ ಜಾಣತನ ಹುಟ್ಟಿದ್ದು ಈ ವೇಗವನ್ನು ಸರಿದೂಗಿಸಲು. ಇಲಿಯಲ್ಲಿ ಗೆದ್ದದ್ದು ಭಾರ ಹೊರುವ ಕಾಲಲ್ಲಿ ಸೋಲಬಹುದು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯವರು ತಮ್ಮ ಸೆರಾಮಿಕ್ಕನ್ನು ಆಡಿನ ತೊಡೆಮೂಳೆಯಲ್ಲಿ ಪರೀಕ್ಷಿಸಿದ್ದು ಇದೇ ಕಾರಣಕ್ಕೆ.

ಮನುಷ್ಯರಲ್ಲಿ ಇಷ್ಟು ಕಟ್ಟುನಿಟ್ಟು ಕಷ್ಟ. ಗಡ್ಡೆ ಕೆರೆದ ಟೊಳ್ಳುಗಳಲ್ಲಿ ಎಷ್ಟೋ ಏನೂ ತುಂಬದೆಯೇ ಕ್ರಮೇಣ ಮುಚ್ಚಿಕೊಳ್ಳುವುದುಂಟು. ಹೋಲಿಕೆಯಿಲ್ಲದೆ ಬರೀ ವಾಸಿಯಾದವರ ಪಟ್ಟಿ ಕೊಡುವ ವರದಿಯನ್ನು ಓದುವಾಗ ಇದು ನೆನಪಿರಬೇಕು, ದುಬಾರಿ ಡಬ್ಬಿಯ ಬಿಲ್ಲು ಕಟ್ಟುವವರು ರೋಗಿಯ ಮನೆಯವರಾದ್ದರಿಂದ ಇನ್ನೂ ಹೆಚ್ಚಾಗಿ. ಪರೇಲಿನ ಫುಟ್‌ಪಾತಿನಲ್ಲಿ ಚಾಪೆ ಹಾಸಿಕೊಂಡು ಸರದಿ ಕಾಯುವ ಮನೆಯವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾನೂನಿನ ಕಣ್ಣಿಗೆ ಈ ಎರಡು ಪೊಟ್ಟಣಗಳೂ ಬೇರೆ ಬೇರೆ. ದಾನಿಯ ಮೂಳೆ 2011ರ ತಿದ್ದುಪಡಿಯ ನಂತರ ಅಂಗಾಂಗ ಮತ್ತು ಅಂಗಾಂಶ ಕಸಿ ಕಾಯ್ದೆಗೆ ಸೇರಿತು. ಕೃತಕ ಪುಡಿಗೆ 2018ರ ಜನವರಿ 1ರಿಂದ ಜಾರಿಯಾದ ವೈದ್ಯಕೀಯ ಸಾಧನ ನಿಯಮಗಳು. ಗುಳಿ ಮಾತ್ರ ಒಂದೇ.

ಗುಳಿಯಲ್ಲ, ಮೂಳೆಯ ಉದ್ದನೆಯ ಭಾಗವೇ ಹೋಗುವಾಗ ಪುಡಿಯಿಂದ ಕೆಲಸ ಆಗದು. ಅಂಥವರಲ್ಲಿ ಮಾಡಿದ ಇನ್ನೊಂದು ಪ್ರಯತ್ನವನ್ನು ಟಾಟಾ ಆಸ್ಪತ್ರೆಯ ಅಜಯ್ ಪುರಿ ಮತ್ತು ಸಹೋದ್ಯೋಗಿಗಳು 2012ರಲ್ಲಿ ವರದಿ ಮಾಡಿದರು. ಗಡ್ಡೆಯಿದ್ದ ಮೂಳೆಯನ್ನು ಕತ್ತರಿಸಿ ಹೊರತೆಗೆದು, ಅದಕ್ಕೆ 50 ಗ್ರೇ ವಿಕಿರಣ ಹಾಯಿಸಿ ಕ್ಯಾನ್ಸರ್ ಕೋಶಗಳನ್ನು ಕೊಂದು, ರೋಗಿ ಇನ್ನೂ ಅರಿವಳಿಕೆಯಲ್ಲಿರುವಾಗಲೇ ಅದೇ ಜಾಗದಲ್ಲಿ ಪ್ಲೇಟು, ತಿರುಪುಗಳಿಂದ ಕೂರಿಸುವುದು. ಸತ್ತ ಮೂಳೆಯೇ, ಆದರೆ ಅಳತೆ ಅವನದ್ದೇ.