ಸೋದರ ನುಡಿಗಳ ಸೀಮೆ

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರವನ್ನು ಹೊರಗಿನವರು ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಿಂದ ಗುರುತಿಸುತ್ತಾರೆ. ಆ ಊರಿನ ಹೆಸರನ್ನೇ ತಮ್ಮ ಪಂಗಡದ ಹೆಸರಾಗಿಸಿಕೊಂಡ ಜನವೂ ಇದೆ. ಅವರು ಬೆಟ್ಟದಪುರ ಸಂಕೇತಿಗಳು. ಅವರ ಮನೆಮಾತು ಮೊದಲ ಸಲ ಕಿವಿಗೆ ಬಿದ್ದಾಗ ತಮಿಳು ಎನಿಸುತ್ತದೆ, ಮರುಗಳಿಗೆಗೆ ಮಲಯಾಳಂ ಇರಬಹುದೇ ಎನಿಸುತ್ತದೆ, ಅಷ್ಟರಲ್ಲಿ ಒಂದು ಅಚ್ಚಗನ್ನಡದ ಮಾತು ನಡುವೆ ನುಸುಳುತ್ತದೆ. ಅದೇ ಮನೆಯವರು ಜಗಲಿಗೆ ಬಂದು ಪಕ್ಕದ ಮನೆಯವರನ್ನು ಮಾತಾಡಿಸಿದರೆ ಅದು ಮೈಸೂರು ಸೀಮೆಯ ಕನ್ನಡ, ಒಂದು ಎಳೆಯೂ ಬೇರೆಯಿಲ್ಲ.

ಸಂಕೇತಿಗಳ ಮೂಲ ಸೆಂಗೋಟ್ಟೈ ಸೀಮೆ. ಪಶ್ಚಿಮ ಘಟ್ಟದ ತಪ್ಪಲಿನ ಆ ಪ್ರದೇಶ 1956ರವರೆಗೆ ತಿರುವಾಂಕೂರಿನ ಕಡೆಗಿತ್ತು, ಆಮೇಲೆ ಮದ್ರಾಸ್ ರಾಜ್ಯಕ್ಕೆ ಸೇರಿತು. ಹಾಗಾಗಿ ಅಲ್ಲಿನ ಮಾತಿನಲ್ಲಿ ತಮಿಳು ಮಲಯಾಳಂ ಎರಡರ ಬೆರಕೆ ಇದ್ದದ್ದು ಸಹಜ. ನಾಚಾರಮ್ಮ ಎಂಬ ವಿದುಷಿಗೆ ಊರಿನವರಿಂದ ಅವಮಾನವಾಯಿತು, ಅವಳು ಊರು ತೊರೆದಳು, ಅವಳನ್ನು ನಂಬಿದವರು ಹಿಂದೆ ಹೊರಟರು ಎಂಬುದು ಸಂಕೇತಿಗಳು ತಲೆಮಾರುಗಳಿಂದ ಹೇಳಿಕೊಂಡು ಬಂದ ಕತೆ. ಹೊರಟವರಲ್ಲಿ ಒಂದು ಗುಂಪು ಹಾಸನದ ಕಡೆಯ ಕೌಶಿಕದಲ್ಲಿ ನಿಂತಿತು, ಇನ್ನೊಂದು ಬೆಟ್ಟದಪುರದಲ್ಲಿ. ಮುಂದೆ ಕಾವೇರಿ ದಂಡೆಯ ರುದ್ರಪಟ್ಟಣಕ್ಕೂ ತುಂಗಾ ತೀರದ ಮತ್ತೂರಿಗೂ ಈ ಜನ ಹರಡಿಕೊಂಡರು. ಕರ್ನಾಟಕ ಸಂಗೀತದ ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಆ ರುದ್ರಪಟ್ಟಣದಲ್ಲೇ.

ಬೆಟ್ಟದಪುರಕ್ಕೆ ಬಂದಿಳಿದ ಆ ಮೊದಲ ತಲೆಮಾರಿಗೆ ಕನ್ನಡ ಕಲಿಸಿದವರು ಯಾರು? ಪಾಠಶಾಲೆಯಂತೂ ಅಲ್ಲ. ವೇದ ಓದುವುದರ ಜೊತೆಗೆ ಬೇಸಾಯವನ್ನೂ ಕೈಬಿಡದ ಜನ ಅವರು. ಭೂಮಿ ಕೇಳಬೇಕು, ನೀರಿನ ಸರದಿ ಹಿಡಿಯಬೇಕು, ಆಳುಗಳಿಗೆ ಕೆಲಸ ಹೇಳಬೇಕು, ಸಂತೆಯಲ್ಲಿ ಚೌಕಾಸಿ ಮಾಡಬೇಕು. ಇಷ್ಟಕ್ಕೆ ಬೇಕಾದ ಮಾತು ಹೊಲದ ಬದುವಿನ ಮೇಲೇ ಸಿಕ್ಕಿತು. ಹಾಗೆ ಕಲಿತ ಕನ್ನಡ ನಿಧಾನವಾಗಿ ಹೊಸ್ತಿಲು ದಾಟಿ ಅಡುಗೆಮನೆಗೂ ಬಂದು ಮನೆಮಾತನ್ನೇ ತಿದ್ದಿತು. ಸಂಕೇತಿಗೆ ಸ್ವಂತ ಲಿಪಿಯಿಲ್ಲ. ಬರೆಯುವ ಪ್ರಸಂಗ ಬಂದರೆ ಕನ್ನಡದ ಅಕ್ಷರಗಳೇ ಒದಗುತ್ತವೆ. ಸೋದರ ನುಡಿಯ ಕಲಿಕೆಗೆ ಈ ಗುಣವಿದೆ. ಕಲಿತವನ ಹಳೆಯ ನುಡಿಯನ್ನು ಅದು ಸುಮ್ಮನೆ ಬಿಡುವುದಿಲ್ಲ.

ಈ ಸೀಮೆಯಲ್ಲಿ ಇಂಥದಕ್ಕೆ ಇನ್ನೂ ಹಳೆಯ ಉದಾಹರಣೆಯೊಂದಿದೆ. ತಮಿಳುನಾಡನ್ನು ಬಿಟ್ಟು ಹೊಯ್ಸಳ ಸೀಮೆಗೆ ಬಂದ ರಾಮಾನುಜಾಚಾರ್ಯರು ಮೊದಲು ತಂಗಿದ ಊರುಗಳಲ್ಲಿ ಮಿರ್ಲೆ ಮತ್ತು ಸಾಲಿಗ್ರಾಮವನ್ನು ಶ್ರೀವೈಷ್ಣವ ಪರಂಪರೆ ಹೆಸರಿಸುತ್ತದೆ. ಎರಡೂ ಕೆ.ಆರ್. ನಗರ ತಾಲ್ಲೂಕಿನಲ್ಲಿದ್ದ ಊರುಗಳು; ಸಾಲಿಗ್ರಾಮವೇ ಈಗ ತಾಲ್ಲೂಕು ಕೇಂದ್ರ. ತೊಣ್ಣೂರು, ಮೇಲುಕೋಟೆಗಳ ಕತೆ ಆಮೇಲಿನದು. ಸಾಲಿಗ್ರಾಮದ ಶಿಷ್ಯನೊಬ್ಬ ಆಚಾರ್ಯರ ಬೆನ್ನು ಹತ್ತಿ ಹೊರಟ. ತಮಿಳರ ನಡುವೆ ಅವನ ಹೆಸರು ವಡುಗ ನಂಬಿ ಎಂದೇ ಉಳಿಯಿತು. ವಡುಗ ಎಂದರೆ ಬಡಗಣದವನು. ಅಲ್ಲಿಗೆ ದಾರಿ ಎರಡೂ ಕಡೆಗೆ ತೆರೆಯಿತು: ತಮಿಳರು ಇಲ್ಲಿ ಕನ್ನಡ ಕಲಿತರು, ಇಲ್ಲಿಯವನು ಅಲ್ಲಿ ತಮಿಳು ಕಲಿತ. ಮೈಸೂರು ಸೀಮೆಯ ಹೆಬ್ಬಾರ್ ಮತ್ತು ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ಇವತ್ತಿಗೂ ಕೇಳಿಸುವ, ಕನ್ನಡ ಬೆರೆತ ತಮಿಳು ಆ ಕಲಿಕೆಯ ಫಲ.

ಪುಸ್ತಕದಿಂದ ಕನ್ನಡ ಕಲಿಯುವ ದಾರಿಯೂ ಹಳೆಯದೇ. ಕೇಶಿರಾಜನ ‘ಶಬ್ದಮಣಿದರ್ಪಣ’ 13ನೇ ಶತಮಾನದ್ದು, ಆದರೆ ಅದು ಕನ್ನಡ ಬಲ್ಲ ಕವಿಗಳಿಗಾಗಿ ಬರೆದದ್ದು. ಪರದೇಶದವರಿಗೆ ಬೇಕಾದದ್ದು ಬೇರೆ. 17ನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ಯೂಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಒಂದು ವ್ಯಾಕರಣ ಬರೆದರು. ಅವರ ಮಿಷನ್ ಗೋವೆಗೆ ಸೇರಿದ್ದು, ಗೋವೆಯ ಆಡಳಿತ ಪೋರ್ಚುಗೀಸರದು. ಇಟಲಿಯವರಿಗೆ ಪೋರ್ಚುಗೀಸ್ ಸೋದರ ನುಡಿ. ಕನ್ನಡ ಪೂರ್ತಿ ಹೊಸ ಲೋಕ. ಮುಂದೆ ಹೆರಾಲ್ಡ್ ಸ್ಪೆನ್ಸರ್ ಅವರ ಅಭ್ಯಾಸಸಹಿತ ಕನ್ನಡ ವ್ಯಾಕರಣ 1914ರಲ್ಲಿ ಮೈಸೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಇವೆಲ್ಲ ಪಾದ್ರಿಗಳ, ಅಧಿಕಾರಿಗಳ ಮೇಜಿನ ಪುಸ್ತಕಗಳು. ಗುಳೆ ಬಂದ ಕೂಲಿಯವನ, ಗುತ್ತಿಗೆಗೆ ಹೊಲ ಹಿಡಿದವನ ಕೈಗೆ ಅವು ಬಂದವೆಂದು ನಂಬುವುದು ಕಷ್ಟ.

ಸೋದರ ನುಡಿ ಸುಲಭ ಎಂಬ ಮಾತು ಅರ್ಧ ಮಾತ್ರ ನಿಜ. ಸ್ಪೇನಿನವರೊಬ್ಬರು ಇಟಲಿಗೆ ಹೋದರೆ ಮೊದಲ ದಿನವೇ ಅಂಗಡಿಯ ಫಲಕ ಓದಿ ಅರ್ಥಮಾಡಿಕೊಳ್ಳಬಲ್ಲರು, ಎರಡೂ ನುಡಿಗಳಿಗೆ ಲ್ಯಾಟಿನ್ ತಾಯಿ. ಆದರೆ ಸ್ಪ್ಯಾನಿಷ್‌ನ ‘ಸಲೀರ್’ ಹೊರಗೆ ಹೋಗುವುದು, ಇಟಾಲಿಯನ್‌ನ ‘ಸಲೀರೆ’ ಮೇಲೆ ಹತ್ತುವುದು. ವ್ಯಾಕರಣದಲ್ಲಿ ಇನ್ನೂ ನವಿರಾದ ಕಗ್ಗಂಟಿದೆ. ಬಂದು ತಲುಪಿದವರು ಗಂಡಾಗಲಿ ಹೆಣ್ಣಾಗಲಿ ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದ ಒಂದೇ. ಇಟಾಲಿಯನ್‌ನಲ್ಲಿ ಗಂಡಾದರೆ ‘ಅರ್ರಿವಾತೊ’, ಹೆಣ್ಣಾದರೆ ‘ಅರ್ರಿವಾತ’. ಸ್ಪೇನಿನವರ ನಾಲಗೆ ಇಲ್ಲಿ ಮತ್ತೆ ಮತ್ತೆ ಜಾರುತ್ತದೆ.

ಇದೇ ಕಗ್ಗಂಟನ್ನು ಎಚ್.ಡಿ. ಕೋಟೆಯಲ್ಲಿ ಮಲಯಾಳಿ ಶುಂಠಿ ಬೆಳೆಗಾರರು ಎದುರಿಸಿದ್ದಾರೆ.

ಮಾನಂದವಾಡಿಯಿಂದ ಬಾವಲಿ ಗೇಟು ದಾಟಿ, ಅಂತರಸಂತೆ, ಹ್ಯಾಂಡ್‌ಪೋಸ್ಟ್ ಮೂಲಕ ಮೈಸೂರಿಗೆ ಬರುವ ರಸ್ತೆ ವಯನಾಡಿಗೂ ಈ ಸೀಮೆಗೂ ಹಳೆಯ ನಂಟು. ಆ ದಾರಿಯಲ್ಲಿ ಬಂದ ಕೇರಳದ ರೈತರು ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳಲ್ಲಿ ಹೊಲವನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕತೊಡಗಿದರು. ಅವರ ಬಾಯಲ್ಲಿ ಆ ಬೆಳೆ ‘ಇಂಜಿ’. ಬೆಳೆಯ ಹೆಸರೇ ಬೇರೆಯಾದರೂ ಅದರ ಸುತ್ತಲಿನ ಮಾತುಗಳೆಲ್ಲ ಒಂದೇ ಬೇರಿನವು. ಅವರ ‘ವೇರ್’ ಇಲ್ಲಿ ಬೇರು, ‘ವಿತ್ತ್’ ಬಿತ್ತನೆಯ ಬಿತ್ತು, ‘ವಿಲ’ ಬೆಲೆ, ‘ಪತ್ತ್’ ಹತ್ತು. ಅಲ್ಲಿನ ವಕಾರ ಇಲ್ಲಿ ಬಕಾರ, ಅಲ್ಲಿನ ಪಕಾರ ಇಲ್ಲಿ ಹಕಾರ. ಹಳಗನ್ನಡದ ಪಾಲ್, ಪೂ, ಪಲ್ ಇವು ಸುಮಾರು 10ನೇ ಶತಮಾನದಿಂದಾಚೆಗೆ ನಿಧಾನವಾಗಿ ಹಾಲು, ಹೂವು, ಹಲ್ಲುಗಳಾದವು. ಮಲಯಾಳಂ, ತಮಿಳುಗಳು ಹಳೆಯ ಪಕಾರವನ್ನೇ ಉಳಿಸಿಕೊಂಡವು. ಈ ಎರಡು ಸೂತ್ರ ಹಿಡಿದವನಿಗೆ ನೂರಾರು ಕನ್ನಡ ಪದಗಳು ದುಡಿಮೆಯಿಲ್ಲದೆ ದಕ್ಕುತ್ತವೆ. 60 ಕಿಲೋ ಮೂಟೆಯ ಲೆಕ್ಕದಲ್ಲಿ ವ್ಯಾಪಾರ ಕುದುರಿಸಲು ಅಷ್ಟು ಸಾಕು.

ಸಿಕ್ಕು ಬೀಳುವುದು ಆಮೇಲೆ. ಮಲಯಾಳಂನಲ್ಲಿ ‘ಮಾರು’ ಎಂದರೆ ಬದಲಾಗು, ಪಕ್ಕಕ್ಕೆ ಸರಿ; ಕನ್ನಡದಲ್ಲಿ ಮಾರಾಟ ಮಾಡು. ಅಲ್ಲಿ ‘ನನಗೆ ಕೊಡು’ ಎನ್ನಲು ‘ತರು’ ಧಾತು ಬೇಕು, ಬೇರೆಯವರಿಗೆ ಕೊಡುವುದಕ್ಕೆ ಇನ್ನೊಂದು. ಕನ್ನಡದಲ್ಲಿ ಎರಡಕ್ಕೂ ‘ಕೊಡು’ ಸಾಕು, ‘ತರು’ ಎಂದರೆ ತೆಗೆದುಕೊಂಡು ಬರುವುದು. ನಾಗರಹೊಳೆ ಅಂಚಿನ ಹೊಲಗಳಲ್ಲಿ ಇನ್ನೂ ಗಂಭೀರವಾದದ್ದೊಂದಿದೆ. ಮಲಯಾಳಿಗಳು ‘ಪುಲಿ’ ಎಂದರೆ ಸಾಮಾನ್ಯವಾಗಿ ಚಿರತೆ. ಹುಲಿಗೆ ಅವರ ಮಾತು ‘ಕಡುವ’. ರಾತ್ರಿ ಕಾವಲಿಗೆ ಕೂತವರ ನಡುವೆ ಈ ವ್ಯತ್ಯಾಸ ಜೀವದ ಪ್ರಶ್ನೆ.

ಎಲ್ಲಕ್ಕಿಂತ ಗಟ್ಟಿಯಾದ ತೊಡಕು ಕ್ರಿಯಾಪದದ್ದು. ನಾನು, ನೀನು, ಅವನು, ಅವಳು, ಅವರು ಯಾರೇ ಬಂದರೂ ಮಲಯಾಳಂನಲ್ಲಿ ‘ವನ್ನು’. ಕನ್ನಡದಲ್ಲಿ ಬಂದೆ, ಬಂದೆ, ಬಂದ, ಬಂದಳು, ಬಂದರು, ಬಂತು. ಪದ ಕಲಿತು ಹತ್ತು ವರ್ಷವಾದವರೂ ಇಲ್ಲಿ ತಡವರಿಸುವುದುಂಟು. ತೆಲುಗರ ಕಷ್ಟ ಇನ್ನೊಂದು ಬಗೆಯದು. ತಂಬಾಕು ಮಂಡಳಿ 1976ರಲ್ಲಿ ಸ್ಥಾಪನೆಯಾಗಿ ಗುಂಟೂರನ್ನು ಕೇಂದ್ರವಾಗಿಸಿಕೊಂಡ ಮೇಲೆ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹರಾಜು ಕಟ್ಟೆಗಳಲ್ಲಿ ತೆಲುಗೂ ಕೇಳಿಸತೊಡಗಿತು. ತೆಲುಗಿನಲ್ಲಿ ಅವಳು ಬಂದರೂ ಅದು ಬಂದರೂ ‘ವಚ್ಚಿಂದಿ’. ಹೀಗಾಗಿ ‘ಅಮ್ಮ ಬಂತು’ ಎಂಬ ವಾಕ್ಯ ಅವರ ಬಾಯಲ್ಲಿ ಹುಟ್ಟುತ್ತದೆ. ಇಲ್ಲಿಯ ರೈತರು ಅದನ್ನು ಅಗೌರವವೆಂದು ತಿಳಿಯಬಾರದು. ತಾಯ್ನುಡಿಯ ವ್ಯಾಕರಣ ಅದರ ಹಿಂದೆ ಕೆಲಸ ಮಾಡುತ್ತಿರುತ್ತದೆ.

ಬೈಲಕುಪ್ಪೆಯ ಟಿಬೆಟನ್ನರಿಗೆ ಇಂಥ ಯಾವ ಆಸರೆಯೂ ಇರಲಿಲ್ಲ. ರಾಜ್ಯ ಸರ್ಕಾರ ಕೊಟ್ಟ ಕಾಡುಭೂಮಿಯಲ್ಲಿ 1960ರ ದಶಕದ ಮೊದಲಲ್ಲಿ ನೆಲೆನಿಂತವರು, 1970ರ ದಶಕದಲ್ಲಿ ಹುಣಸೂರಿನ ಗುರುಪುರಕ್ಕೆ ಬಂದವರು, ಒಂದು ಪದದ ನಂಟೂ ಇಲ್ಲದ ನುಡಿಯನ್ನು ಸೊನ್ನೆಯಿಂದ ಕಲಿಯಬೇಕಾಯಿತು.

ಕಲಿಕೆಯಲ್ಲಿ ಎಲ್ಲರನ್ನೂ ಮೀರಿಸಿದವರು ಮಾತ್ರ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು. ಅವರ ಮನೆಮಾತು ವಾಗ್ರಿಬೋಲಿ ಗುಜರಾತಿಗೆ ಹತ್ತಿರದ ಇಂಡೋ-ಆರ್ಯನ್ ನುಡಿ. ಜಿ. ಶ್ರೀನಿವಾಸ ವರ್ಮ ಅದರ ಬಗ್ಗೆ ಬರೆದ ಪುಸ್ತಕವನ್ನು ಅಣ್ಣಾಮಲೈ ವಿಶ್ವವಿದ್ಯಾಲಯ 1970ರಲ್ಲಿ ಪ್ರಕಟಿಸಿತು. ಅಂದರೆ ಅವರಿಗೆ ಹಿಂದಿ ಸೋದರ ನುಡಿ, ಕನ್ನಡ ತಮಿಳು ತೆಲುಗುಗಳು ಹೊರಗಿನವು. ಹಾಗಿದ್ದೂ ಇವೆಲ್ಲವನ್ನೂ ಸಲೀಸಾಗಿ ಆಡುವವರು ಅಲ್ಲಿ ಹೇರಳ. ಹಕ್ಕಿ ಬೇಟೆಯಾಡುತ್ತ ಊರೂರು ಸುತ್ತಿದ ಬದುಕು ಮೊದಲು ಈ ಶಕ್ತಿ ಕೊಟ್ಟಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. ಮಣಿ, ಪಿನ್ನು, ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರುತ್ತ ಅವರು ಮತ್ತೂ ದೂರ ಹೋದರು. ಕೊನೆಗೆ ಆಫ್ರಿಕಾದ ದೇಶಗಳನ್ನೂ ಮುಟ್ಟಿದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಹುಣಸೂರಿನ ಹಕ್ಕಿಪಿಕ್ಕಿಗಳೂ ಇದ್ದರು. ಪಕ್ಷಿರಾಜಪುರ ಎಲ್ಲಿದೆ ಎಂದು ರಾಜ್ಯದ ಬಹುಪಾಲು ಜನರಿಗೆ ತಿಳಿದದ್ದೇ ಆಗ.

ಬೀದಿ ವ್ಯಾಪಾರಿಯ ಪಾಠಕ್ರಮ ಬೇರೆಯದೇ. ನಮಸ್ಕಾರ ಮೊದಲು, ಅಂಕಿಗಳು ಆಮೇಲೆ, ನಂತರ ‘ಬೇಕಾ’, ‘ಎಷ್ಟು’, ‘ನಾಳೆ ಬರ್ತೀನಿ’. ಗಿರಾಕಿಯ ಮುಖ ನೋಡಿ ವಾಕ್ಯ ತಿದ್ದಿಕೊಳ್ಳಬೇಕು, ತಪ್ಪಿಗೆ ನಾಚಿ ಸುಮ್ಮನಾದರೆ ಆ ದಿನ ಒಲೆ ಉರಿಯುವುದಿಲ್ಲ. ಅಕ್ಷರ ಕಲಿಯುವ ಮುನ್ನವೇ ನಾಲ್ಕೈದು ನುಡಿ ದಕ್ಕಿಸಿಕೊಂಡ ಈ ಜನರನ್ನು ‘ಓದದವರು’ ಎಂದಷ್ಟೇ ಕರೆದು ಕೈತೊಳೆದುಕೊಳ್ಳುವುದು ಅನ್ಯಾಯ.

ಇಷ್ಟೊಂದು ಜನಕ್ಕೆ ಕನ್ನಡ ಕಲಿಸಿದ ಈ ಸೀಮೆ ತನ್ನ ಕಾಡಿನ ಮಕ್ಕಳ ವಿಷಯದಲ್ಲಿ ಎಡವಿದೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳಲ್ಲಿ ಜೇನುಕುರುಬರ ನುಡಿಯಿದೆ. ಕನ್ನಡಕ್ಕೆ ಇದರಷ್ಟು ಹತ್ತಿರದ ಸೋದರ ನುಡಿಗಳು ಕೆಲವೇ. ಜನಗಣತಿಯವರು ಕುರುಬ ಅಥವಾ ಕುರುಂಬ ನುಡಿಯನ್ನು ಕನ್ನಡದ ಕೆಳಗೇ ಎಣಿಸುತ್ತ ಬಂದಿದ್ದಾರೆ. ಈ ಹತ್ತಿರವೇ ಮಗುವಿಗೆ ಮುಳುವಾಗುತ್ತದೆ. ಟಿಬೆಟನ್ ಮಗು ಕನ್ನಡದಲ್ಲಿ ತಪ್ಪಿದರೆ ಮೇಷ್ಟ್ರು ‘ಪಾಪ, ಬೇರೆ ಭಾಷೆಯವನು’ ಎಂದುಕೊಳ್ಳಬಹುದು. ಜೇನುಕುರುಬರ ಮಗು ತನ್ನ ಮನೆಯ ಮಾತನ್ನು ಸರಿಯಾಗಿಯೇ ಆಡಿದರೂ ಅದು ಕೆಟ್ಟ ಕನ್ನಡವಾಗಿ ಕೇಳುತ್ತದೆ. ಕಾಡಿನಿಂದ ಹೊರಬಂದು ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳು ನೆಲದ ಜೊತೆಗೆ ನುಡಿಯನ್ನೂ ಕಳೆದುಕೊಳ್ಳುವ ಅಂಚಿನಲ್ಲಿದ್ದಾರೆ.

ಸಾಧನಗಳಿಗೆ ಕೊರತೆಯಿಲ್ಲ. ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆ 1969ರಿಂದ ಮೈಸೂರಿನಲ್ಲೇ ಇದೆ. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ ಬೇರೆ ರಾಜ್ಯಗಳ ಶಿಕ್ಷಕರಿಗೆ 10 ತಿಂಗಳ ತರಬೇತಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ ಕಲಿಸುತ್ತ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಅಥವಾ ಸ್ಥಳೀಯ ನುಡಿಯಲ್ಲಿ ಕಲಿಸಬೇಕೆಂದು ಹೇಳುತ್ತದೆ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಹಾಡಿಯ ಮಕ್ಕಳು ಓದುವ ಆಶ್ರಮ ಶಾಲೆಗೆ ನೇಮಕವಾಗುವ ಪ್ರತಿ ಶಿಕ್ಷಕರಿಗೂ ಪಾಠ ಶುರುಮಾಡುವ ಮೊದಲು ಜೇನುಕುರುಬ ನುಡಿಯ ಕೆಲವು ತಿಂಗಳ ತರಬೇತಿ ಕೊಡಿಸಬೇಕು. ಕಲಿಸುವ ಕೆಲಸಕ್ಕೆ ಹಾಡಿಯ ಹಿರಿಯರನ್ನೇ ಸಂಬಳ ಕೊಟ್ಟು ಕರೆಯಬೇಕು. ಶಿಕ್ಷಣ ಇಲಾಖೆ ಮತ್ತು ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ ಎರಡೂ ಕೂತು ಮುಂದಿನ ಶಾಲಾ ವರ್ಷಕ್ಕೆ ಮುನ್ನ ಇದನ್ನು ತೀರ್ಮಾನಿಸಲಿ.